ನೂರು ಹನಿ ರಕ್ತದ ಲೆಕ್ಕ ಸುಳ್ಳು

ತುಮಕೂರಿನ ನಮ್ಮ ಬಡಾವಣೆಯ ವಾಟ್ಸಾಪ್ ಗ್ರೂಪಿನಲ್ಲಿ ಒಂದು ಸಂದೇಶ ಮತ್ತೆ ಮತ್ತೆ ಬರುತ್ತಿದೆ: ನೂರು ಹನಿ ರಕ್ತ ಸೇರಿ ಒಂದು ಹನಿ ವೀರ್ಯ ಆಗುತ್ತದಂತೆ, ಹೋದರೆ ನಿಶ್ಶಕ್ತಿಯಂತೆ. ಇದು ಸುಳ್ಳು. ರಕ್ತಕಣ ಹುಟ್ಟುವುದು ಮೂಳೆಯ ಮಜ್ಜೆಯಲ್ಲಿ. ವೀರ್ಯದ ದಾರಿಯೇ ಬೇರೆ.

ವೀರ್ಯಾಣುಗಳು ತಯಾರಾಗುವುದು ವೃಷಣಗಳಲ್ಲಿ. ಒಂದು ವೀರ್ಯಾಣು ರೂಪುಗೊಳ್ಳಲು ಎರಡು ತಿಂಗಳಿಗಿಂತ ಜಾಸ್ತಿ ಬೇಕು. ಆದರೆ ಕೆಲಸ ನಿಲ್ಲುವುದೇ ಇಲ್ಲ, ದಿನವೂ ಕೋಟಿಗಟ್ಟಲೆ ಹೊಸದು ಬರುತ್ತವೆ. ಖಾಲಿಯಾಗುವ ಭಯ ಸುಮ್ನೆ.

ಒಮ್ಮೆ ಹೊರಬರುವ ವೀರ್ಯ ಸಾಮಾನ್ಯವಾಗಿ 2ರಿಂದ 5 ಎಂಎಲ್. ಹೆಚ್ಚೆಂದರೆ ಒಂದು ಟೀ ಚಮಚ, ಅಷ್ಟೇ! ಅದರಲ್ಲೂ ವೀರ್ಯಾಣುಗಳ ಪಾಲು ನೂರಕ್ಕೆ ಸುಮಾರು 5ರೊಳಗೆ. ಉಳಿದದ್ದು ವೀರ್ಯಕೋಶ ಮತ್ತು ಪ್ರಾಸ್ಟೇಟ್ ಗ್ರಂಥಿಗಳ ರಸ. ಬಹುಪಾಲು ನೀರು, ಜೊತೆಗೆ ಸ್ವಲ್ಪ ಪ್ರೋಟೀನ್, ಸತು, ಫ್ರಕ್ಟೋಸ್ ಎಂಬ ಸಕ್ಕರೆ. ಆ ಸಕ್ಕರೆಯೇ ವೀರ್ಯಾಣುವಿನ ದಾರಿಬುತ್ತಿ. ಯೋನಿಯೊಳಗಿನ ಆಮ್ಲದಿಂದ ಅದನ್ನು ಕಾಪಾಡುವುದೂ ಈ ರಸವೇ. ಕೋಟಿಗಟ್ಟಲೆ ಹೊರಟರೂ ಅಂಡಾಣುವನ್ನು ಸೇರಿ ಗರ್ಭ ಕಟ್ಟಲು ಒಂದು ಸಾಕು.

"ವೀರ್ಯ ಗಟ್ಟಿ ಇದ್ದರೆ ಮಾತ್ರ ಮಕ್ಕಳಾಗುತ್ತವೆ" ಎಂಬ ಮಾತೂ ಅದೇ ಸಂದೇಶದಲ್ಲಿದೆ. ಕಣ್ಣಲ್ಲಿ ನೋಡಿ ಅದನ್ನು ಹೇಳಲಾಗದು. ಲ್ಯಾಬಿನಲ್ಲಿ ಸೂಕ್ಷ್ಮದರ್ಶಕದ ಕೆಳಗಿಟ್ಟು ಎಣಿಕೆ, ಚಲನೆ, ಆಕಾರ ನೋಡಬೇಕು. ನಿದ್ದೆಯಲ್ಲಿ ತಾನಾಗಿಯೇ ವೀರ್ಯ ಹೋಗುವ ಸ್ವಪ್ನಸ್ಖಲನವಂತೂ ಕಾಯಿಲೆಯೇ ಅಲ್ಲ. ಅದಕ್ಕೆ ಪುಡಿ, ಲೇಹ್ಯ ಮಾರುವವರ ಜೇಬು ತುಂಬಿಸಬೇಕಾಗಿಲ್ಲ, ಅಲ್ವಾ?