ಉಗಾಂಡದಲ್ಲಿ ಕಂಡ ನಮ್ಮೂರ ಬೋರಿಂಗ್

ಚರ್ಚ್ ತಂಡದ ಜೊತೆ ಆಫ್ರಿಕಾಗೆ ಹೋಗಿ ಕುಡಿಯುವ ನೀರಿನ ಕೆಲಸಕ್ಕೆ ಕೈಜೋಡಿಸಿದ ಹುಡುಗರ ಬಗ್ಗೆ ಬರೆದಿದ್ದೀರಿ. ಓದಿ ಮನಸ್ಸು ತುಂಬಿ ಬಂತು. ನಾನು ಮಂಡ್ಯದವನು. ನಮ್ಮ ಸಭೆಯವರ ಜೊತೆ ಇದೇ ಕೆಲಸಕ್ಕೆ ಎರಡು ವಾರ ಉಗಾಂಡಕ್ಕೆ ಹೋಗಿದ್ದೆ.

ಅಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು ನಮ್ಮೂರ ಬೋರಿಂಗೇ, ಅದೇ ಕೈಪಂಪು! 1970ರ ದಶಕದಲ್ಲಿ ಯುನಿಸೆಫ್ ನೆರವಿನಿಂದ ನಮ್ಮ ದೇಶದಲ್ಲೇ ರೂಪುಗೊಂಡ ಇಂಡಿಯಾ ಮಾರ್ಕ್ 2 ಪಂಪು ಅದು. ಅಲ್ಲಿ ಅದಕ್ಕೆ ಯು2 ಅಂತಾರೆ. ಅದಕ್ಕೂ ಮೊದಲು ಬಂದ ಮಹಾರಾಷ್ಟ್ರದ ಜಾಲ್ನಾ, ಸೊಲ್ಲಾಪುರದ ಪಂಪುಗಳ ಹಿಂದೆ ಕ್ರೈಸ್ತ ಮಿಷನ್‌ನವರ ದುಡಿಮೆ ಇತ್ತು. ಎಲ್ಲಿಂದ ಎಲ್ಲಿಗೆ ನಂಟು, ಅಲ್ವಾ?

ಆದರೆ ಸುಮ್ನೆ ಪಂಪು ಹಾಕಿ ಬಂದರೆ ಸಾಲದು. ನಾವು ಹೋದ ಹಳ್ಳಿಯಲ್ಲಿ ಪಂಪು ಆಗಲೇ ಇತ್ತು. ಅಲ್ಲಿನ ಅಂತರ್ಜಲದಲ್ಲಿ ಹುಳಿ ಅಂಶ ಜಾಸ್ತಿ. ಸತು ಲೇಪಿಸಿದ ಕಬ್ಬಿಣದ (ಜಿಐ) ಪೈಪು ತುಕ್ಕು ಹಿಡಿದು ಕೆಂಪು ನೀರು ಬರುತ್ತಿತ್ತು. ಬಟ್ಟೆಗೆಲ್ಲ ಕಲೆ, ಟೀ ಮಾಡಿದರೆ ಕಪ್ಪಗಾಗುತ್ತಿತ್ತು. ಹೆಂಗಸರು ಮತ್ತೆ ಹೊಂಡದ ನೀರಿಗೇ ಹೋಗಿದ್ದರು. ಅಲ್ಲಿನ ಮೆಕ್ಯಾನಿಕ್ ಹೇಳಿದಂತೆ ಹಳೆ ಪೈಪು ಎತ್ತಿ ಸ್ಟೇನ್‌ಲೆಸ್ ಸ್ಟೀಲಿನದು ಇಳಿಸಿದೆವು. ಕೆಲಸ ಬಲ್ಲವರು ಅವರೇ.

ಚಿಕ್ಕಂದಿನಲ್ಲಿ ನಮ್ಮ ಬೀದಿಯ ಬೋರಿಂಗ್ ಒಂದು ವಾಷರ್‌ಗೋಸ್ಕರ ತಿಂಗಳುಗಟ್ಟಲೆ ಕೆಟ್ಟು ನಿಂತಿತ್ತು. ಅವ್ವ ಕೊಡ ಹೊತ್ತು ನಾಲೆಗೆ ಹೋಗುತ್ತಿದ್ದಳು. ಅದು ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಅದಕ್ಕೇ, ಮುಂದೆ ಇಂಥ ಕೆಲಸಕ್ಕೆ ಹೊರಡುವ ಹುಡುಗರಲ್ಲಿ ಕೇಳಿಕೊಳ್ಳುತ್ತೇನೆ. ಆ ಊರಿನ ನೀರಿನ ಸಮಿತಿಯವರ ಜೊತೆ ಮೊದಲು ಕೂತು ಮಾತಾಡಿ. ವಾಷರ್ ಎಲ್ಲಿ ಸಿಗುತ್ತದೆ, ರಿಪೇರಿ ದುಡ್ಡು ಯಾರು ಕೂಡಿಡುತ್ತಾರೆ, ನೀರು ಪರೀಕ್ಷೆ ಆಗಿದೆಯಾ, ಇಷ್ಟನ್ನಾದರೂ ಕೇಳಿಕೊಂಡೇ ಕೆಲಸ ಶುರು ಮಾಡಿ.