ಎಚ್ಚರಿಕೆ ಬೋರ್ಡಿನ ಮೇಲೆ ಟವೆಲ್ ಒಣಹಾಕುವವರಿಗೆ

ಬೀಚಿನಲ್ಲಿ ಎಚ್ಚರಿಕೆಯ ಬೋರ್ಡ್ ನೆಡುವುದು ಟವೆಲ್ ಒಣಗಿಸಲಿಕ್ಕಲ್ಲ ಮಾರಾಯ್ರೆ. ಇಷ್ಟು ಹೇಳಿ ಸುಮ್ಮನಾಗಬೇಕು ಅಂತ ಬೆಳಿಗ್ಗೆಯಿಂದ ನೋಡುತ್ತಿದ್ದೇನೆ, ಆಗುತ್ತಿಲ್ಲ. ಹಾಗಾಗಿ ಉದ್ದಕ್ಕೇ ಬರೆಯುತ್ತೇನೆ. ತಾಳ್ಮೆ ಇಲ್ಲದವರು ಒಂದು ಲೈಕ್ ಒತ್ತಿ ಮುಂದೆ ಹೋಗಿ, ಬೇಜಾರಿಲ್ಲ.

ನಿನ್ನೆ ಪಾರ್ಕ್ ಪಾಯಿಂಟಿಗೆ ಹೋಗಿದ್ದೆ, ಸುಪೀರಿಯರ್ ಲೇಕಿನ ದಡದ ನಮ್ಮ ಮರಳ ಬೀಚಿಗೆ. ಲೇಬರ್ ಡೇ, ಅಂದರೆ ಅಮೆರಿಕದ ಕಾರ್ಮಿಕರ ದಿನದ ಲಾಂಗ್ ವೀಕೆಂಡ್. ಮಿನಿಯಾಪೊಲಿಸ್ ಕಡೆಯವರೆಲ್ಲ ಕಾರು ತುಂಬಿಕೊಂಡು ಮಿನ್ನೆಸೋಟಾದ ನಮ್ಮ ಡುಲುತ್‌ಗೆ ಬರುವ ದಿನ. ಎರಡೂವರೆ ಗಂಟೆ ದಾರಿ, ಬರಲಿ, ಸಂತೋಷ. ಬಿಸಿಲು ಚೆನ್ನಾಗಿತ್ತು. ಆದರೆ ಗಾಳಿ ಈಶಾನ್ಯದಿಂದ ಬೀಸುತ್ತಿತ್ತು, ಅಲೆಗಳು ಸಾಲುಸಾಲಾಗಿ ಬರುತ್ತಿದ್ದವು, ಕೆಂಪು ಬಾವುಟ ಹಾರುತ್ತಿತ್ತು. ಇಲ್ಲಿ ಅಗ್ನಿಶಾಮಕದವರು ದಿನದ ಅಲೆ ನೋಡಿ ಬಾವುಟ ಏರಿಸುತ್ತಾರೆ. ಹಸಿರು, ಹಳದಿ, ಕೆಂಪು. ಟ್ರಾಫಿಕ್ ಸಿಗ್ನಲ್ ಗೊತ್ತಿದ್ದವರಿಗೆ ಬೇರೆ ಪಾಠ ಬೇಕಿಲ್ಲ.

ಬೋರ್ಡಿನ ಮೇಲೆ ಎರಡು ಒದ್ದೆ ಟವೆಲ್, ಒಂದು ಮಗುವಿನ ಸ್ಪೈಡರ್‌ಮ್ಯಾನ್ ಟೀ ಶರ್ಟ್. ಸೆಳೆತ ಹೇಗೆ ಎಳೆದುಕೊಂಡು ಹೋಗುತ್ತದೆ ಅಂತ ಬಾಣದ ಗುರುತು ಹಾಕಿ ತೋರಿಸಿದ್ದಾರಲ್ಲ, ಸರಿಯಾಗಿ ಅದರ ಮೇಲೆ. ಕಂಬದ ಬುಡದಲ್ಲಿ ಚಪ್ಪಲಿಗಳ ರಾಶಿ. ಆಮೇಲೆ ನೀರಿನ ಕಡೆಯಿಂದ ಕೇಳಿಸಿತು, "ಲೋ, ಇನ್ನೂ ಸ್ವಲ್ಪ ಮುಂದೆ ಬಾರೋ, ದೊಡ್ಡ ಅಲೆ ಅಲ್ಲಿ ಬರ್ತಿದೆ!"

ಈ ಊರಿನಲ್ಲಿ ದಾರಿಯಲ್ಲಿ ಕನ್ನಡ ಕಿವಿಗೆ ಬೀಳುವುದೇ ಅಪರೂಪ. ಬಿದ್ದರೆ ನಾನು ಓಡಿಹೋಗಿ ಮಾತಾಡಿಸುವವಳು, ನಿಮಗೆಲ್ಲ ಗೊತ್ತು, ಮನೆಗೆ ಕರೆದು ನೀರ್ ದೋಸೆ ಮಾಡಿ ಹಾಕಿದ್ದೂ ಇದೆ. ನಿನ್ನೆ ಮಾತ್ರ ಎದೆ ಧಸಕ್ ಅಂದಿತು. ಸೊಂಟದ ಮೇಲಿನ ನೀರಿನಲ್ಲಿ ಇಡೀ ಸಂಸಾರ. ಅಪ್ಪನ ಹೆಗಲ ಮೇಲೆ ಮಗು. ಅಮ್ಮನ ಕೈಯಲ್ಲಿ ಫೋನು, ವಿಡಿಯೋ ನಡೆಯುತ್ತಿದೆ.

ಹೋಗಿ ಹೇಳಿದೆ. "ಕೆಂಪು ಬಾವುಟ ಹಾರ್ತಿದೆ, ಮಕ್ಕಳನ್ನು ಮೇಲೆ ಕರ್ಕೊಳ್ಳಿ."

"ಏನಾಗಲ್ಲ ಆಂಟಿ, ಲೇಕ್ ತಾನೇ, ಸಮುದ್ರ ಅಲ್ವಲ್ಲ."

ಆಂಟಿ ಅಂದವನ ಗಡ್ಡದಲ್ಲಿ ನನ್ನ ತಲೆಗಿಂತ ಜಾಸ್ತಿ ಬಿಳಿ ಇತ್ತು. ಅದನ್ನು ಬಿಟ್ಟುಬಿಡೋಣ.

ಲೇಕ್ ತಾನೇ! ಈ ಮಾತು ಕೇಳಿ ಕೇಳಿ ಸಾಕಾಗಿದೆ. ಸುಪೀರಿಯರ್ ಲೇಕ್ 82,000 ಚದರ ಕಿಲೋಮೀಟರ್‌ಗಿಂತ ಜಾಸ್ತಿ ಇದೆ. ನಮ್ಮ ಇಡೀ ಕರ್ನಾಟಕದ ಐದರಲ್ಲಿ ಎರಡು ಪಾಲು ನೀರೇ ಅಂದುಕೊಳ್ಳಿ. ಉದ್ದ ಸುಮಾರು 560 ಕಿಲೋಮೀಟರ್. ಅತಿ ಆಳದ ಜಾಗದಲ್ಲಿ 406 ಮೀಟರ್. ಡುಲುತ್ ಇರುವುದು ಪಶ್ಚಿಮದ ತುತ್ತತುದಿಯಲ್ಲಿ, ನೀರು ಚೂಪಾಗುವ ಮೂಲೆಯಲ್ಲಿ. ಈಶಾನ್ಯದಿಂದ ಗಾಳಿ ಎದ್ದರೆ ಅಷ್ಟು ದೂರದ ನೀರನ್ನು ತಳ್ಳಿಕೊಂಡು ಬಂದು ಈ ಮೂಲೆಗೆ ತುಂಬುತ್ತದೆ. ಉಪ್ಪಿಲ್ಲ ಅನ್ನುವುದೊಂದು ಬಿಟ್ಟರೆ ಸಮುದ್ರಕ್ಕೆ ಇದು ಯಾವುದರಲ್ಲೂ ಕಡಿಮೆ ಇಲ್ಲ. ಉಪ್ಪಿಲ್ಲದ ನೀರಿನಲ್ಲಿ ಮೈ ತೇಲುವುದೂ ಕಡಿಮೆ, ಅದು ಬೇರೆ.

ಸೆಳೆತ ಅಂದರೆ ಏನು ಅಂತ ಗದ್ದೆ ಕಂಡವರಿಗೆ ಹೇಳುವುದು ಸುಲಭ. ಬದು ಒಂದು ಕಡೆ ಒಡೆದರೆ ಗದ್ದೆಯ ನೀರೆಲ್ಲ ಆ ಒಂದೇ ಕಂಡಿಯಲ್ಲಿ ನುಗ್ಗುತ್ತದಲ್ಲ, ಹಾಗೆ. ಅಲೆ ತಂದು ಸುರಿದ ನೀರು ದಡಕ್ಕೂ ಮರಳ ದಿಬ್ಬಕ್ಕೂ ನಡುವೆ ತುಂಬುತ್ತದೆ, ದಿಬ್ಬದಲ್ಲಿ ತಗ್ಗು ಸಿಕ್ಕಲ್ಲಿ ಹಿಂದಕ್ಕೆ ಓಡುತ್ತದೆ. ಅದರಲ್ಲಿ ಸಿಕ್ಕವರು ದಡದ ಕಡೆಗೇ ಈಜಲು ನೋಡುತ್ತಾರೆ. ಎಷ್ಟು ಕೈ ಹೊಡೆದರೂ ದಡ ಹತ್ತಿರ ಬರುವುದಿಲ್ಲ. ಸುಸ್ತಾಗುತ್ತಾರೆ, ಮುಳುಗುತ್ತಾರೆ. ಸೆಳೆತಕ್ಕೆ ಎದುರು ಈಜದೆ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಅದರಿಂದ ತಪ್ಪಿಸಿಕೊಳ್ಳಬೇಕು. ಇದನ್ನೇ ಆ ಬೋರ್ಡಿನಲ್ಲಿ ಚಿತ್ರ ಬರೆದು ತೋರಿಸಿದ್ದಾರೆ. ಟವೆಲಿನ ಕೆಳಗೆ.

ಇನ್ನೊಂದು ಮೋಸ ಇದೆ ಈ ನೀರಿನಲ್ಲಿ. ಗಾಳಿ ನೆಲದ ಕಡೆಯಿಂದ ಬೀಸಿದರೆ ಮೇಲಿನ ಬೆಚ್ಚಗಿನ ನೀರು ದೂರ ಹೋಗುತ್ತದೆ, ತಳದ ಕೊರೆಯುವ ನೀರು ದಡಕ್ಕೆ ಬರುತ್ತದೆ. ನಿನ್ನೆ ಆಡಿದ ಜಾಗದಲ್ಲೇ ಇವತ್ತು ಕಾಲಿಟ್ಟರೆ ಮೂಳೆ ನೋಯುತ್ತದೆ. ಗಾಳಿ ದಡದ ಕಡೆಗೆ ಬೀಸಿದಾಗ ಬೆಚ್ಚಗಿನ ನೀರೂ ಇತ್ತ ಬರುತ್ತದೆ, ಅದರ ಜೊತೆಗೆ ಅಲೆಯೂ ಸೆಳೆತವೂ ಬರುತ್ತವೆ. ಅಂದರೆ ನೀರು 'ಬಾ ಬಾ' ಅಂತ ಕರೆಯುವ ದಿನವೇ ಎಷ್ಟೋ ಸಲ ಕೆಂಪು ಬಾವುಟದ ದಿನ. "ನೀರು ಬೆಚ್ಚಗಿದೆ ಆಂಟಿ, ನೀವೂ ಬನ್ನಿ" ಅಂದ ಆ ಮಹಾನುಭಾವ. ಗೊತ್ತಪ್ಪ ಬೆಚ್ಚಗಿದೆ ಅಂತ.

ತಣ್ಣೀರಿಗೆ ಬಿದ್ದವರ ಬಗ್ಗೆ ಇಲ್ಲಿ ಒಂದು, ಹತ್ತು, ಒಂದು ಅಂತ ಹೇಳಿಕೊಡುತ್ತಾರೆ. ಬಿದ್ದ ಕೂಡಲೇ ಉಸಿರು ಎಳೆದುಕೊಳ್ಳುವಂತಾಗುತ್ತದೆ, ಅದನ್ನು ಹತೋಟಿಗೆ ತರಲು 1 ನಿಮಿಷ. ಕೈಕಾಲು ಮಾತು ಕೇಳುವುದು ಸುಮಾರು 10 ನಿಮಿಷ. ಚಳಿಗೆ ಪ್ರಜ್ಞೆ ತಪ್ಪಲು ಸುಮಾರು 1 ಗಂಟೆ. ಲೈಫ್ ಜಾಕೆಟ್ ಇಲ್ಲದವರಿಗೆ ಆ ಕೊನೆಯ ಒಂದು ಗಂಟೆ ಸಿಗುವುದೇ ಇಲ್ಲ. ಇಲ್ಲಿ ಮಕ್ಕಳಿಗೂ ಇದು ಗೊತ್ತು. ನಮ್ಮವರಿಗೆ ಗೊತ್ತಿರುವುದು ಎಲ್ಲಿ ಪಾರ್ಕಿಂಗ್ ಫ್ರೀ ಅನ್ನುವುದು.

ಬರೀ ಬೀಚಲ್ಲ. ಕೆನಾಲ್ ಪಾರ್ಕಿನ ಪಿಯರ್ ನೋಡಿ. ಹಡಗು ಬಂದಾಗ ಮೇಲೇಳುವ ಲಿಫ್ಟ್ ಬ್ರಿಡ್ಜ್ ಕೆಳಗಿನ ಕಾಲುವೆಯ ಎರಡೂ ಬದಿಗೆ ಉದ್ದಕ್ಕೆ ಚಾಚಿದ ಕಾಂಕ್ರೀಟ್ ಕಟ್ಟೆ, ತುದಿಯಲ್ಲಿ ದೀಪಸ್ತಂಭ. ಒಳ್ಳೆಯ ದಿನ ಅದಕ್ಕಿಂತ ಚಂದದ ಜಾಗ ಇಲ್ಲ, ಸಾವಿರ ಅಡಿ ಉದ್ದದ ಅದಿರು ಹಡಗು ಕೈಗೆ ಸಿಗುವಷ್ಟು ಹತ್ತಿರದಲ್ಲಿ ಹಾದುಹೋಗುತ್ತದೆ. ಗಾಳಿ ಎದ್ದ ದಿನ ಅಲೆ ಆ ಕಟ್ಟೆಯ ಮೇಲೆಯೇ ಹತ್ತಿ ಹರಿಯುತ್ತದೆ. ಆಗಲೇ ನೋಡಿ ನಮ್ಮವರು ಸೆಲ್ಫಿಗೆ ಓಡುವುದು. "ಬ್ಯಾಕ್‌ಗ್ರೌಂಡಲ್ಲಿ ಅಲೆ ಬರ್ಬೇಕು."

ಅಲ್ಲೇ ಒಂದು ಫಲಕ ಇದೆ, ಯಾರೂ ಓದುವುದಿಲ್ಲ. 1967ರ ಏಪ್ರಿಲ್ 30ರ ರಾತ್ರಿ ಹದಿಹರೆಯದ ಮೂವರು ಅಣ್ಣತಮ್ಮಂದಿರು ಈ ಉತ್ತರದ ಪಿಯರ್ ಮೇಲಿಂದ ಅಲೆಗೆ ಸಿಕ್ಕಿ ಹೋದರು. ಹುಡುಕಲು ಹೋದ ಕೋಸ್ಟ್ ಗಾರ್ಡ್‌ನವರು ಒಬ್ಬರಿಗೊಬ್ಬರು ಹಗ್ಗ ಕಟ್ಟಿಕೊಂಡು ಕತ್ತಲಲ್ಲಿ ಆ ಕಟ್ಟೆಯ ಮೇಲೆ ನಡೆದರು. ಹಗ್ಗ ಕಟ್ಟಿಕೊಂಡಿದ್ದರೂ ಎಡ್ಗರ್ ಕಲ್ಬರ್ಟ್‌ಸನ್ ಅನ್ನುವವರನ್ನು ಅಲೆ ಎಳೆದುಕೊಂಡಿತು. ಒಂದೇ ರಾತ್ರಿ ನಾಲ್ಕು ಜೀವ. ಅವರು ಈಜಲಿಕ್ಕೆ ಇಳಿದವರಲ್ಲ, ಕಟ್ಟೆಯ ಮೇಲಿದ್ದವರು. 1905ರ ನವೆಂಬರ್ ಬಿರುಗಾಳಿಯಲ್ಲಿ ಮಟಾಫಾ ಅನ್ನುವ ಹಡಗು ಇದೇ ಕಾಲುವೆಯ ಬಾಯಲ್ಲಿ ಪಿಯರಿಗೆ ಬಡಿದು ನಿಂತಾಗ, ದಡದಲ್ಲಿ ಸಾವಿರಾರು ಜನ ಬೆಂಕಿ ಹಾಕಿಕೊಂಡು ರಾತ್ರಿಯಿಡೀ ಕಾದರೂ ಒಂಬತ್ತು ಜನರನ್ನು ಉಳಿಸಲಿಕ್ಕೆ ಆಗಲಿಲ್ಲ. ಕಣ್ಣೆದುರೇ. ಅಷ್ಟು ಹತ್ತಿರ.

ಈಗ ಒಬ್ಬರು ಬಂದೇ ಬರುತ್ತಾರೆ ಕಮೆಂಟಿಗೆ. "ಮೇಡಂ, ಜನವರಿಯಲ್ಲಿ ಇಲ್ಲಿನವರು ಇದೇ ನೀರಲ್ಲಿ ಸರ್ಫಿಂಗ್ ಮಾಡ್ತಾರಲ್ಲ, ಅವರಿಗೆ ಹೇಳಿ." ಹೌದು, ಮಾಡುತ್ತಾರೆ. ಲೆಸ್ಟರ್ ನದಿ ಸೇರುವಲ್ಲಿ, ಸ್ಟೋನಿ ಪಾಯಿಂಟಿನಲ್ಲಿ, ಗಡ್ಡದಲ್ಲಿ ಮಂಜು ನೇತಾಡುತ್ತಿರುತ್ತದೆ. ನಾನು ಕಾರಿನ ಹೀಟರ್ ಹಾಕಿಕೊಂಡು ಬಾಯಿಬಿಟ್ಟು ನೋಡಿದ್ದೇನೆ. ಆದರೆ ಅವರ ಮೈಮೇಲೆ ತಲೆಯಿಂದ ಬೆರಳ ತುದಿಯವರೆಗೆ ದಪ್ಪ ರಬ್ಬರಿನ ಸೂಟ್ ಇರುತ್ತದೆ. ನೀರಿಗಿಳಿಯುವ ಮೊದಲು ದಡದಲ್ಲಿ ನಿಂತು ಅಲೆ ಲೆಕ್ಕ ಹಾಕುತ್ತಾರೆ. ಗಾಳಿಯ ಮುನ್ಸೂಚನೆಯನ್ನು ನಮ್ಮ ಅಜ್ಜಿ ಪಂಚಾಂಗ ನೋಡಿದ್ದಕ್ಕಿಂತ ಶ್ರದ್ಧೆಯಿಂದ ನೋಡುತ್ತಾರೆ. ಎಷ್ಟೋ ಸಲ ನೋಡಿ, ತಲೆ ಆಡಿಸಿ, ಸರ್ಫಿಂಗ್ ಹಲಗೆಯನ್ನು ಕಾರಿನ ಮೇಲೆ ಕಟ್ಟಿ ವಾಪಸ್ ಹೋಗುತ್ತಾರೆ. ನೀವು ಜೀನ್ಸ್ ಪ್ಯಾಂಟ್ ಮಡಚಿಕೊಂಡು ಮಗುವನ್ನು ಹೆಗಲ ಮೇಲೆ ಹೊತ್ತು ಇಳಿದವರು, ಅವರ ಜೊತೆ ನಿಮ್ಮನ್ನು ಹೋಲಿಸಿಕೊಳ್ಳಬೇಡಿ.

ಇನ್ನೊಬ್ಬರು, "ಹೀಗೆ ಹೆದರಿಸಿದರೆ ಮಕ್ಕಳು ಮನೆಯಲ್ಲೇ ಫೋನ್ ಹಿಡ್ಕೊಂಡು ಕೂರ್ತಾರೆ." ಬೀಚಿನಲ್ಲೂ ಫೋನೇ ಹಿಡಿದಿದ್ದು, ಮಕ್ಕಳಲ್ಲ, ಅಮ್ಮ.

ನನಗೇಕೆ ಇಷ್ಟು ಸಿಟ್ಟು ಅಂತ ಹೇಳಿಬಿಡುತ್ತೇನೆ. ನಾನು ಕುಂದಾಪುರದವಳು, ಕಡಲ ಸದ್ದು ಕೇಳುತ್ತ ಮಲಗಿದವಳು. ನನಗೆ ಈಜು ಬರುವುದಿಲ್ಲ. ಹೌದು, ನಗಿ. ಅಣ್ಣಂದಿರಿಬ್ಬರೂ ಹೊಳೆಯಲ್ಲಿ ಕಲಿತರು. ಹೆಣ್ಣುಮಕ್ಕಳಿಗೆ ಕಾಲು ಒದ್ದೆ ಮಾಡಿಕೊಳ್ಳುವಷ್ಟೇ ಪರವಾನಗಿ. ಆ ಸಿಟ್ಟು ಇನ್ನೂ ಇದೆ, ಅದಕ್ಕೇ ಮಗಳಿಗೆ ಅಕ್ಷರ ಕಲಿಸುವ ಮೊದಲೇ ಈಜು ಕಲಿಸಿದೆ. ಆದರೆ ಕಡಲಿಗೆ ಹೆದರುವುದನ್ನು ಮಾತ್ರ ನಮಗೆ ಸರಿಯಾಗಿ ಕಲಿಸಿದ್ದರು. ಜೂನ್, ಜುಲೈ, 61 ದಿನ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ನೀರಿಗೆ ಇಳಿಯುವ ಹಾಗಿಲ್ಲ. ಮೀನಿನ ಸಂತಾನಕ್ಕಾಗಿ ಮಾಡಿದ ಕಾನೂನು ಅದು. ಕಾನೂನು ಇರದಿದ್ದರೂ ಆ ಮಳೆಗಾಲದ ಕಡಲಿನ ಬಣ್ಣ ನೋಡಿದ ಹಳೆ ಮೀನುಗಾರರು ಬಲೆ ಹೆಣೆಯುತ್ತ ದಡದಲ್ಲೇ ಕೂರುತ್ತಿದ್ದರು. ದಿನಾ ಕಡಲಿಗೆ ಹೋಗುವವರಿಗೇ ಜಾಸ್ತಿ ಹೆದರಿಕೆ. ಬಸ್ಸಿನಿಂದ ಇಳಿದು ನೇರ ನೀರಿಗೆ ಓಡುವವರು ಘಟ್ಟದ ಮೇಲಿನಿಂದ ಟೂರಿಗೆ ಬಂದವರು. (ಘಟ್ಟದ ಮೇಲಿನ ಫ್ರೆಂಡ್ಸ್, ಬೈದುಕೊಳ್ಳಿ ಪರವಾಗಿಲ್ಲ.) 2024ರ ಡಿಸೆಂಬರ್‌ನಲ್ಲಿ ಮುರ್ಡೇಶ್ವರದಲ್ಲಿ ಶಾಲಾ ಪ್ರವಾಸಕ್ಕೆ ಬಂದ ನಾಲ್ಕು ಹುಡುಗಿಯರು ಹೋದರು. ಆ ಸುದ್ದಿ ಓದಿ ಎರಡು ದಿನ ನನಗೆ ಊಟ ಸೇರಿರಲಿಲ್ಲ. ಇಲ್ಲಿ ಮಿನ್ನೆಸೋಟಾದಲ್ಲಿ ಕೂತು ಅದೇ ಧೈರ್ಯ ಮತ್ತೆ ನೋಡುವುದೆಂದರೆ ಮೈ ಉರಿಯುತ್ತದೆ.

ಹಾಂ, ನಿನ್ನೆಯ ಸಂಸಾರ ಏನಾಯಿತು ಅಂತ ಕೇಳುತ್ತೀರಿ. ನನ್ನ ಮಾತಿಗೆ ಯಾರೂ ಅಲ್ಲಾಡಲಿಲ್ಲ. ಐದು ನಿಮಿಷದ ಮೇಲೆ ಒಬ್ಬ ಬಿಳಿಯ ಅಜ್ಜಿ ನಾಯಿ ಹಿಡಿದುಕೊಂಡು ಬಂದಳು. ಬಾವುಟ ತೋರಿಸಿ ಒಂದೇ ಒಂದು ವಾಕ್ಯ ಅಂದಳು, ಅದೂ ಜೋರಾಗಲ್ಲ. ಎಲ್ಲರೂ "ಓ, ಸಾರಿ ಸಾರಿ, ಥ್ಯಾಂಕ್ಯೂ ಸೋ ಮಚ್" ಅಂತ ಲಗುಬಗೆಯಿಂದ ಮೇಲೆ ಬಂದರು. ನನ್ನ ಎದುರೇ ಟವೆಲ್ ತೆಗೆದುಕೊಂಡು ಮೈ ಒರೆಸಿಕೊಂಡರು. ಗಡ್ಡದವನು ನನ್ನ ಕಡೆ ನೋಡಲೂ ಇಲ್ಲ. ನಾನು ಕನ್ನಡದಲ್ಲಿ ಹೇಳಿದ್ದು ಆಂಟಿಯ ಟೆನ್ಶನ್, ಅವಳು ಇಂಗ್ಲಿಷಿನಲ್ಲಿ ಹೇಳಿದ್ದು ರೂಲ್ಸ್. ಬಂದರಲ್ಲ ಮೇಲೆ, ಅಷ್ಟು ಸಾಕು ಅಂತ ಸಮಾಧಾನ ಮಾಡಿಕೊಳ್ಳಬೇಕು. ನಾನು ಅಷ್ಟು ದೊಡ್ಡ ಮನಸ್ಸಿನವಳಲ್ಲ, ಇನ್ನೂ ಕುದಿಯುತ್ತಿದ್ದೇನೆ.

ನೀರಿಗೇ ಇಳಿಯಬೇಕು ಅಂತ ಯಾರು ಹೇಳಿದ್ದು ನಿಮಗೆ? ಈ ಊರಿನಲ್ಲಿ ಹೊರಗೆ ತಿರುಗಲಿಕ್ಕೆ ಜಾಗಕ್ಕೇನು ಬರವೇ? ದಡದುದ್ದಕ್ಕೂ ಲೇಕ್‌ವಾಕ್ ಇದೆ, ಮಗುವಿನ ತಳ್ಳುಗಾಡಿಯೂ ಸರಾಗ ಹೋಗುತ್ತದೆ. 2018ರ ಬಿರುಗಾಳಿಗೆ ಅದರ ತುಂಡು ತುಂಡೇ ಕಿತ್ತುಹೋಗಿತ್ತು, ಕಟ್ಟಿದ ಕಲ್ಲೇ ನಿಲ್ಲಲಿಲ್ಲ ಅಂದರೆ ಲೆಕ್ಕ ಹಾಕಿ. ಎಂಗರ್ ಟವರ್ ಹತ್ತಿದರೆ ಹಡಗು, ಸೇತುವೆ, ಊರು ಎಲ್ಲ ಒಟ್ಟಿಗೆ ಕಾಣುತ್ತದೆ. ಊರಿನ ನಡುವೆಯೇ ಹಳ್ಳಗಳು ಕಲ್ಲಿನ ಮೇಲೆ ಧುಮುಕಿ ಬರುತ್ತವೆ. ಹಾರ್ಟ್ಲಿಯ ಕಾಡಿನಲ್ಲಿ ಅರ್ಧ ದಿನ ನಡೆಯಬಹುದು. ಅಲ್ಲಿ ಏಳುವ ಸೊಳ್ಳೆಯ ಬಗ್ಗೆ ಬೇರೆ ಪೋಸ್ಟ್ ಬರೆಯುತ್ತೇನೆ.

ಹಾಕ್ ರಿಡ್ಜ್ ಅಂತೂ ಬಿಡಲೇಬಾರದು. ಊರಿನ ಪೂರ್ವಕ್ಕೆ, ಗುಡ್ಡದ ಮೇಲೆ. ಚಳಿಗಾಲ ಬರುವ ಮೊದಲು ಕೆನಡಾ ಕಡೆಯ ಗಿಡುಗ, ಡೇಗೆ, ಹದ್ದುಗಳೆಲ್ಲ ದಕ್ಷಿಣಕ್ಕೆ ಹೊರಡುತ್ತವೆ. ಎದುರು ಈ ನೀರು ಬರುತ್ತದೆ. ತಣ್ಣಗಿನ ನೀರಿನ ಮೇಲೆ ಬಿಸಿ ಗಾಳಿ ಏಳುವುದಿಲ್ಲ, ರೆಕ್ಕೆ ಬಡಿಯದೆ ತೇಲಿಕೊಂಡು ಹೋಗಲು ಆಗುವುದಿಲ್ಲ. ಹಾಗಾಗಿ ಅವು ನೀರು ದಾಟುವ ಉಸಾಬರಿಗೇ ಹೋಗದೆ ದಡ ಹಿಡಿದು ಬರುತ್ತವೆ, ಎಲ್ಲವೂ ಡುಲುತ್‌ನ ಈ ಮೂಲೆಯ ಮೇಲೆ ಒಟ್ಟಾಗುತ್ತವೆ. 2003ರ ಸೆಪ್ಟೆಂಬರ್‌ನ ಒಂದೇ ದಿನ ಇಲ್ಲಿ ಲಕ್ಷಕ್ಕೂ ಹೆಚ್ಚು ಹಕ್ಕಿ ಎಣಿಸಿದ್ದಾರೆ. ರೆಕ್ಕೆ ಇರುವ ಹದ್ದೇ ಸುತ್ತುಬಳಸಿ ಹೋಗುತ್ತದೆ ಕಣ್ರಪ್ಪ, ನಮ್ಮ ಗಡ್ಡದವನಿಗೆ ಮಾತ್ರ "ಏನಾಗಲ್ಲ."

ಸೆಪ್ಟೆಂಬರ್ ಮಧ್ಯದ ವಾರದಲ್ಲಿ, ವಾಯವ್ಯದ ಗಾಳಿ ಬೀಸುವ ದಿನ ನೋಡಿಕೊಂಡು ಬನ್ನಿ. ಬೆಳಿಗ್ಗೆ ಹತ್ತರ ಹೊತ್ತಿಗೆ ಹಾಕ್ ರಿಡ್ಜ್ ಮೇಲಿರಿ. ಕೆಳಗೆ ಎಷ್ಟೇ ಬಿಸಿಲಿರಲಿ, ಜಾಕೆಟ್ ಬೇಕೇ ಬೇಕು. ಬೈನಾಕ್ಯುಲರ್ ಇಲ್ಲದಿದ್ದರೆ ನನ್ನದು ಕೊಡುತ್ತೇನೆ, ಲೆನ್ಸಿಗೆ ಚಿತ್ರಾನ್ನದ ಕೈ ಹಚ್ಚಬೇಡಿ. ಬರುವವರು ಇನ್‌ಬಾಕ್ಸಿಗೆ ಒಂದು ಮೆಸೇಜ್ ಹಾಕಿ, ಮಧ್ಯಾಹ್ನದ ಊಟ ನಮ್ಮನೆಯಲ್ಲೇ. ಮತ್ತೆ, ನಿನ್ನೆ ಪಾರ್ಕ್ ಪಾಯಿಂಟಿನಲ್ಲಿದ್ದ ಆ ಸಂಸಾರ ನಿಮ್ಮಲ್ಲಿ ಯಾರಿಗಾದರೂ ಪರಿಚಯವಿದ್ದರೆ ಈ ಪೋಸ್ಟ್ ಧಾರಾಳವಾಗಿ ಟ್ಯಾಗ್ ಮಾಡಿ. ಸ್ಪೈಡರ್‌ಮ್ಯಾನ್ ಟೀ ಶರ್ಟ್ ಬೋರ್ಡಿನ ಮೇಲೆಯೇ ಬಿಟ್ಟುಹೋಗಿದ್ದಾರೆ, ನನ್ನ ಹತ್ತಿರ ಇದೆ.