ಗುಡಿ ಬಾಗಿಲು ಹಾಕಿದ ಹೊತ್ತಿನ ಗೋಕರ್ಣ

ಮಧ್ಯಾಹ್ನ ಒಂದು ಗಂಟೆಗೆ ಗೋಕರ್ಣ ಮುಟ್ಟಿ, "ಅಯ್ಯೋ, ಮಹಾಬಲೇಶ್ವರ ದೇವಸ್ಥಾನದ ಬಾಗಿಲು ಹಾಕಿದಾರೆ, ಇನ್ನು ಐದು ಗಂಟೆವರೆಗೆ ಇಲ್ಲಿ ಎಂತ ಮಾಡೂದು" ಅಂತ ಕಾರಿನ ಎಸಿಯಲ್ಲಿ ಕೂತು ಗೊಣಗುವವರು ವಾರಾಂತ್ಯದಲ್ಲಿ ಸಾಲುಸಾಲು ಸಿಗುತ್ತಾರೆ. ಈ ಊರನ್ನು ನೋಡುವ ಹೊತ್ತೇ ಅದು, ಮಾರಾಯ್ರೆ. ಬೆಳಿಗ್ಗೆ ಸರತಿಯಲ್ಲಿ ಮುಂದೆ ನಿಂತವರ ಬೆನ್ನು ಕಾಣುತ್ತದೆ, ಸಂಜೆ ಮೊಬೈಲ್ ಎತ್ತಿದ ಕೈಗಳು ಕಾಣುತ್ತವೆ. ಊರು ಕಾಣುವುದು ನಡುವಿನ ನಾಲ್ಕು ತಾಸಿನಲ್ಲಿ.

ರಥಬೀದಿಗೆ ಕಾರು ನುಗ್ಗಿಸಬೇಡಿ. ಎರಡು ಗಾಡಿ ಎದುರಾದರೆ ಒಬ್ಬರು ಹಿಂದೆ ಸರಿಯಲೇಬೇಕು. ಹಿಂದೆ ನೋಡಿದರೆ ಹೂವಿನ ಬುಟ್ಟಿ, ದನ, ಆಟೋ. ಬಸ್‌ಸ್ಟ್ಯಾಂಡಿನ ಆಸುಪಾಸಿನಲ್ಲೇ ಎಲ್ಲಾದರೂ ಬಿಟ್ಟು ನಡೆಯಿರಿ, ಹತ್ತು ನಿಮಿಷದ ಹಾದಿ. ಅಂಕೋಲಾ, ಕುಮಟಾ ಎರಡೂ ಕಡೆಯಿಂದ ಬಸ್ಸಿದೆ. ರೈಲಿನಲ್ಲಿ ಬರುವವರಿಗೆ ಒಂದು ಮಾತು: ಗೋಕರ್ಣ ರೋಡ್ ನಿಲ್ದಾಣ ಊರೊಳಗಿಲ್ಲ. ಅದಿರುವುದು ಮಾದನಗೇರಿ ಹತ್ತಿರ, ಸುಮಾರು 10 ಕಿ.ಮೀ. ದೂರ. ಆಟೋ ಹತ್ತುವ ಮೊದಲೇ ಬಾಡಿಗೆ ಮಾತಾಡಿಕೊಳ್ಳಿ.

ಊಟವನ್ನು ರಥಬೀದಿಯಲ್ಲೇ ಮುಗಿಸಿ. ಸಸ್ಯಾಹಾರದ ಸಾದಾ ಊಟ ಸಾಕು. ಪಿಜ್ಜಾ ತಿನ್ನಲಿಕ್ಕೆ ಘಟ್ಟ ಇಳಿದು ಬರಬೇಕಾಗಿಲ್ಲ. ಎರಡು ಗಂಟೆ ದಾಟಿದರೆ ಅನ್ನ ಆರಿರುತ್ತದೆ, ಪಲ್ಯ ಮುಗಿದಿರುತ್ತದೆ.

ಊಟ ಆದಮೇಲೆ ಸಮುದ್ರಕ್ಕೆ ಬೆನ್ನು ಹಾಕಿ, ಪೂರ್ವದ ಕಡೆ ಕೋಟಿತೀರ್ಥಕ್ಕೆ ನಡೆಯಿರಿ. ಇದನ್ನು ಬಹಳ ಜನ ನೋಡುವುದೇ ಇಲ್ಲ, ಯಾಕೆಂದರೆ ಎಲ್ಲರ ಮೂಗೂ ಕಡಲಿನ ಕಡೆಗೇ ಇರುತ್ತದೆ. ಮೆಟ್ಟಿಲು ಕಟ್ಟಿದ ದೊಡ್ಡ ಕೆರೆ, ಸುತ್ತ ಸಣ್ಣ ಸಣ್ಣ ಗುಡಿ, ಹಂಚಿನ ಮನೆ. ಇಲ್ಲಿ ಪಿತೃಕಾರ್ಯ ಮಾಡಿಸಲಿಕ್ಕೆ ಬಂದವರಿರುತ್ತಾರೆ. ತಲೆ ಬೋಳಿಸಿಕೊಂಡು ಅಪ್ಪನಿಗೆ ಪಿಂಡ ಇಡುತ್ತಿರುವವನ ಎದುರು ಕ್ಯಾಮೆರಾ ಹಿಡಿಯುವ ಜನ ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ.

ವಾಪಸು ಬರುವಾಗ ಮನೆಗಳನ್ನು ನೋಡುತ್ತಾ ಬನ್ನಿ. ಬೀದಿಗೆ ಕಾಣುವ ಮುಖ ಕಿರಿದು, ಒಳಗೆ ಹೋದಷ್ಟೂ ಉದ್ದ. ಎದುರಿಗೆ ಜಗಲಿ, ಅದರ ಮೇಲೆ ಮಳೆಯ ಇರಚಲು ತಡೆಯಲಿಕ್ಕೆ ತಗ್ಗಾಗಿ ಇಳಿಸಿದ ಮಾಡು. ಮಧ್ಯಾಹ್ನದ ಬಿಸಿಲಿನಲ್ಲೂ ಜಗಲಿ ತಂಪಾಗಿರುವುದು ಈ ಮಾಡಿನಿಂದಲೇ. ತಂಪಿದೆ ಅಂತ ಹೋಗಿ ಕೂರಬೇಡಿ, ಅದು ಯಾರದೋ ಮನೆ. ನೆರಳಿನಲ್ಲಿ ಹಾಲಕ್ಕಿ ಒಕ್ಕಲಿಗ ಸಮುದಾಯದ ಹೆಂಗಸರು ಕೂತು ಹರಿವೆ, ಬಸಲೆ ಮಾರುತ್ತಿದ್ದರೆ ಒಂದು ಕಟ್ಟು ಕೊಳ್ಳಿ. ಅವರ ಕೊರಳಿನ ಮಣಿಸರದ ಫೋಟೊ ಬೇಕಾದರೆ ಕೇಳಿ ತೆಗೆಯಿರಿ. ಬೇಡ ಅಂದರೆ ಬೇಡ. ಶಿವರಾತ್ರಿಗೆ ಎಳೆಯುವ ದೊಡ್ಡ ರಥ ಇದೇ ಬೀದಿಯಲ್ಲಿ ನಿಂತಿರುತ್ತದೆ. ಅದರ ಮರದ ಚಕ್ರದ ಪಕ್ಕ ನಿಂತು ನೋಡಿದರೆ ಈ ಬೀದಿ ಯಾವ ಅಳತೆಗೆ ಆಗಿದ್ದು ಅಂತ ತಿಳಿಯುತ್ತದೆ.

ಕೆಫೆ, ಟ್ಯಾಟೂ ಅಂಗಡಿ ಬಂದು ಊರು ಗೋವಾ ಆಯಿತು ಅಂತ ಬೈಯುವವರಿದ್ದಾರೆ. ಕೆಫೆ ಬಂದದ್ದಕ್ಕೆ ಬೇಸರವಿಲ್ಲ, ಊರಿನ ಹುಡುಗರಿಗೆ ಕೆಲಸ ಆಗುತ್ತದೆ. ಬೇಸರ ಇರುವುದು ಜಗಲಿ ಒಡೆದು ಶಟರ್ ಕೂರಿಸುವುದಕ್ಕೆ. ಒಂದು ಸಲ ಶಟರ್ ಬಂದ ಕಡೆ ಮತ್ತೆ ಜಗಲಿ ಬರುವುದಿಲ್ಲ.

ಮೂರೂವರೆಗೆ ಗುಡ್ಡ ಹತ್ತಲು ಹೊರಡಿ. ದೇವಸ್ಥಾನದಿಂದ ದಕ್ಷಿಣಕ್ಕೆ ಮೆಟ್ಟಿಲು ಹಿಡಿದರೆ ರಾಮತೀರ್ಥ, ಅಲ್ಲಿಂದ ಮೇಲೆ ಬಟಾಬಯಲು, ಆಚೆ ಇಳಿದರೆ ಕುಡ್ಲೆ ಬೀಚು. ಒಟ್ಟು ಅರ್ಧ ತಾಸು. ಎರಡು ಗಂಟೆಗೇ ಹೊರಟವರು ಕೆಡುವುದು ಇಲ್ಲೇ: ಚಿರೆಕಲ್ಲಿನ ಬೋಳುಗುಡ್ಡ ಕಾದ ಕಾವಲಿಯ ಹಾಗಿರುತ್ತದೆ, ನೆರಳಿಲ್ಲ, ಅಂಗಡಿಯೂ ಇಲ್ಲ. ಒಬ್ಬರಿಗೆ ಒಂದು ಲೀಟರ್ ನೀರು ಬೇಕೇಬೇಕು. ಹವಾಯಿ ಚಪ್ಪಲಿ ಬೇಡ. ಇಳಿಜಾರಿನಲ್ಲಿ ಸಣ್ಣ ಕೆಂಪು ಹರಳುಗಳು ಕಾಲಡಿಗೆ ಉರುಳುತ್ತವೆ, ಹಿಂದೆ ಪಟ್ಟಿ ಇರುವ ಚಪ್ಪಲಿಯೇ ಆಗಬೇಕು.

ಕುಡ್ಲೆಯಲ್ಲಿ ಏನಾದರೂ ತಿನ್ನುವುದಿದ್ದರೆ ಮೊದಲು ಹೇಳಿಬಿಟ್ಟು ಆಮೇಲೆ ಅಡ್ಡಾಡಿ. ತಟ್ಟೆ ಬರಲು ಮುಕ್ಕಾಲು ತಾಸು ಹಿಡಿದರೂ ಆಶ್ಚರ್ಯವಿಲ್ಲ. ನೀರಿಗಿಳಿಯುವವರು ಮೊಣಕಾಲಿನ ಮಟ್ಟದಲ್ಲೇ ಇರಿ. ಬೆಟ್ಟ ಕಡಲಿಗೆ ಚಾಚಿದ ತುದಿಗಳಲ್ಲಿ ಸೆಳೆತ ಹೆಚ್ಚು, ಬಂಡೆಗಳ ಮೇಲೆ ಪಾಚಿ. ಇಲ್ಲಿ ಜೀವ ಹೋಗುವುದು ಹೆಚ್ಚಾಗಿ ಈಜು ಬಾರದವರದ್ದು ಮತ್ತು ಸೆಲ್ಫಿಗೆ ಬಂಡೆ ಹತ್ತಿದವರದ್ದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೀರಿನ ಮಾತೇ ಬೇಡ.

ಓಂ ಬೀಚನ್ನೂ ಅದೇ ಮಧ್ಯಾಹ್ನ ತುರುಕುವ ಆಸೆ ಬಿಡಿ. ಕುಡ್ಲೆಯ ದಕ್ಷಿಣ ತುದಿಯಿಂದ ಮತ್ತೆ ಇಪ್ಪತ್ತು-ಮೂವತ್ತು ನಿಮಿಷದ ಹಾದಿ; ಹೋಗುವುದು ಸುಲಭ, ಕತ್ತಲಲ್ಲಿ ಬರುವುದು ಕಷ್ಟ. ಸೂರ್ಯಾಸ್ತದ ಹೊತ್ತಿಗೆ ಅಲ್ಲಿ ಮೇಲಿನ ರಸ್ತೆಯಲ್ಲಿ ಗಾಡಿ ಸಿಕ್ಕಿಹಾಕಿಕೊಳ್ಳುವುದೂ ಇದೆ. ಅದರಾಚೆಯ ಹಾಫ್ ಮೂನ್, ಪ್ಯಾರಡೈಸ್ ಬೀಚು ಅನ್ನುವವರು ಬೆಳಿಗ್ಗೆಯೇ ಹೊರಡಬೇಕು.

ಸೂರ್ಯ ಮುಳುಗುವುದು ಡಿಸೆಂಬರ್ ಮೊದಲ ವಾರದಲ್ಲಿ 6 ಗಂಟೆ ಸುಮಾರಿಗೆ, ಮೇ ನಡುವಿಗೆ 7ಕ್ಕೆ ಐದಾರು ನಿಮಿಷ ಇರುವಾಗ. ಮುಳುಗಿದ ಕೂಡಲೇ ಎದ್ದುಬಿಡಿ. ಗುಡ್ಡದ ಮೇಲೆ ದೀಪವಿಲ್ಲ; ಮೊಬೈಲ್ ಟಾರ್ಚಿನಲ್ಲಿ ದಾರಿ ಯಾವುದು, ಕೊರಕಲು ಯಾವುದು ಗೊತ್ತಾಗುವುದಿಲ್ಲ. ಕುಡ್ಲೆಯ ಮೇಲಿನ ರಸ್ತೆಗೆ ಹತ್ತಿ ಆಟೋ ಹಿಡಿಯುವುದೇ ಜಾಣತನ.

ದರ್ಶನ ಆಮೇಲೆ ಮಾಡಿದರಾಯಿತು. ರಾತ್ರಿ ಸುಮಾರು 8ರವರೆಗೆ ತೆರೆದಿರುತ್ತದೆ, ಏಳೂವರೆಯ ಒಳಗೆ ಸಾಲಿನಲ್ಲಿರಿ. ಗಂಡಸರು ಅಂಗಿ ಬನಿಯನ್ ತೆಗೆದು ಪಂಚೆ ಉಡಬೇಕು. ಒದ್ದೆ ಚಡ್ಡಿಯಲ್ಲಿ ಬಂದು ವಾದ ಮಾಡಿದರೆ ಏನೂ ಗಿಟ್ಟುವುದಿಲ್ಲ, ಚೀಲದಲ್ಲಿ ಒಂದು ಪಂಚೆ ಹಾಕಿಕೊಂಡೇ ಬನ್ನಿ. ಮೊದಲು ಗಣಪತಿ, ಆಮೇಲೆ ಮಹಾಬಲೇಶ್ವರ. ರಾವಣನ ಕೈಯಿಂದ ಆತ್ಮಲಿಂಗ ಇಳಿಸಿಕೊಂಡವನಿಗೆ ಮೊದಲ ಮರ್ಯಾದೆ.

ಬಸ್ಸಿನಲ್ಲಿ ಬಂದವರು ಕೊನೆಯ ಬಸ್ಸಿನ ಹೊತ್ತನ್ನು ಮಧ್ಯಾಹ್ನ ಇಳಿದ ಕೂಡಲೇ ನಿಲ್ದಾಣದಲ್ಲಿ ಕೇಳಿಟ್ಟುಕೊಳ್ಳಿ. ರಾತ್ರಿ ಎಂಟೂವರೆಗೆ ಕೇಳುವ ಪ್ರಶ್ನೆ ಅದಲ್ಲ.